ಮೂರನೆಯ ಗಿಟಾರ್



ಶಿಕಾರಿಪುರದಿಂದ ಶಿರಾಳಕೊಪ್ಪದ ಮಾರ್ಗವಾಗಿ ಸೊರಬಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕುಳಿತು ಒಮ್ಮೆ ಸುತ್ತ ಕಣ್ಣು ಹಾಯಿಸಿದರೆ, ಕಾಲೇಜಿಗೆ ಹೊರಟ ಹುಡುಗರಲ್ಲಿ ಯಾರಾದರೂ ಒಬ್ಬ ಕಪ್ಪು ಅಂಗಿ ತೊಟ್ಟಿರುವುದು ನಿಮಗೆ ಕಾಣಬಹುದು. ಅಂಗಿಯ ಎದೆಯ ಮೇಲೆ ಹಲ್ಲು ಕಿರಿದ ಅಸ್ಥಿಪಂಜರದಂಥ ಒಂದು ಮುಖ. ಅದರ ಮೇಲೆ ಚೂಪು ತುದಿಯ ಇಂಗ್ಲಿಷ್ ಅಕ್ಷರಗಳಲ್ಲಿ ‘ಐರನ್ ಮೇಡನ್’ ಎಂಬ ಎರಡು ಪದಗಳು. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡವನಿಗೆ ಆ ಹೆಸರಿನ ಅರ್ಥ ತಿಳಿಯದಿರಲೂಬಹುದು. ಆದರೆ ಅದೇ ಅಂಗಿಯನ್ನು ತೊಟ್ಟು ಅವನು ಭಾನುವಾರದ ಪೂಜೆಗೆ ಹೊರಟರೆ ತಾಯಿ ಬಾಗಿಲಲ್ಲೇ ತಡೆದು, “ಮೊದಲು ಅದನ್ನು ಬಿಚ್ಚಿಟ್ಟು ಬಾ” ಎಂದು ಗದರುವುದು ಖಂಡಿತ.

ಆ ತಾಯಿಯ ಮಾತನ್ನು ನಾನು ಅಲ್ಲಗಳೆಯಲಾರೆ. ಹೆವಿ ಮೆಟಲ್ ಎಂದು ಕರೆಯಲ್ಪಡುವ ಆ ಸಂಗೀತವನ್ನು ನೀವು ಮೆಚ್ಚಬೇಕೆಂದೂ ನಾನು ಕೇಳುವುದಿಲ್ಲ. ಆದರೆ ಆ ಅಂಗಿಯ ಹಿಂದೆ ಐವತ್ತು ವರ್ಷಗಳ ಒಂದು ಚರಿತ್ರೆಯಿದೆ. ಜನರು ಒಂದು ಕೂಟವನ್ನು ಸೇರಿದ, ಜಗಳವಾಡಿ ಹೊರಟುಹೋದ, ಹೊರಗೆ ಹಾಕಿಸಿಕೊಂಡ, ಕೆಲವೊಮ್ಮೆ ಮರಳಿ ಬಂದ ಚರಿತ್ರೆ ಅದು. ನಮ್ಮ ಗಾಯನ ವೃಂದಗಳನ್ನು, ಯುವಜನರ ಕೂಟಗಳನ್ನು, ಊರಿನ ಡೊಳ್ಳಿನ ತಂಡಗಳನ್ನು ಬಲ್ಲವರಿಗೆ ಅದರಲ್ಲಿ ಪರಿಚಿತವಾದದ್ದು ಬಹಳವಿದೆ. ಆದುದರಿಂದ ಸ್ವಲ್ಪ ಹೊತ್ತು ಆ ಮುಖದ ಭಯವನ್ನು ಬದಿಗಿಟ್ಟು ನನ್ನೊಂದಿಗೆ ಬನ್ನಿ.

ಕಾರ್ಖಾನೆಯ ಊರಿನ ಸದ್ದು

ಈ ಸಂಗೀತ ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ನಗರದಲ್ಲಿ ಎನ್ನುವುದು ವಾಡಿಕೆ. ಅಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಟೋನಿ ಐಯೋಮಿ ಎಂಬ ಹದಿನೇಳರ ಹುಡುಗನು, ಕೆಲಸ ಬಿಡಬೇಕಾಗಿದ್ದ ಕಡೆಯ ದಿನವೇ, ಯಂತ್ರಕ್ಕೆ ಸಿಲುಕಿ ಬಲಗೈಯ ಎರಡು ಬೆರಳುಗಳ ತುದಿಗಳನ್ನು ಕಳೆದುಕೊಂಡನು. ಅವನು ಎಡಚನಾದುದರಿಂದ ಗಿಟಾರಿನ ತಂತಿಗಳನ್ನು ಒತ್ತಬೇಕಾದದ್ದು ಅದೇ ಬಲಗೈಯಿಂದ. ಪ್ಲಾಸ್ಟಿಕ್ ಕರಗಿಸಿ ಬೆರಳುಗಳಿಗೆ ತಾನೇ ಕುಪ್ಪಿಗೆ ಮಾಡಿಕೊಂಡು, ನೋವಾಗದಂತೆ ಹಗುರವಾದ ತಂತಿಗಳನ್ನು ಕಟ್ಟಿ, ಮುಂದೆ ಅವುಗಳ ಬಿಗಿಯನ್ನೂ ಸಡಿಲಿಸಿ ನುಡಿಸತೊಡಗಿದ. ಅದರಿಂದ ಬಂದ ತಗ್ಗಿದ, ಭಾರವಾದ ನಾದವೇ ಒಂದು ಹೊಸ ಸಂಗೀತಕ್ಕೆ ಗುರುತಾಯಿತು. 1968ರಲ್ಲಿ ಅವನೂ ಅವನ ಮೂವರು ಗೆಳೆಯರೂ ಕಟ್ಟಿದ ತಂಡ ‘ಬ್ಲ್ಯಾಕ್ ಸಬ್ಬತ್’ ಎಂದು ಹೆಸರಾಯಿತು. ಆ ತಂಡಕ್ಕೂ ಹತ್ತಾರು ಜನ ಬಂದರು, ಹೋದರು. ಕೊನೆಗೆ 2025ರ ಜುಲೈ 5ರಂದು ತಮ್ಮ ಹುಟ್ಟೂರಿನ ಮೈದಾನದಲ್ಲಿ ಮೊದಲಿನ ಆ ನಾಲ್ವರೇ, ಎಲ್ಲರೂ ಎಪ್ಪತ್ತರ ಗಡಿ ದಾಟಿದವರು, ಒಟ್ಟಿಗೆ ನಿಂತು ಬೀಳ್ಕೊಂಡರು. ಆ ನಾಲ್ವರಲ್ಲಿ ಹಾಡುಗಾರನಾದ ಆಜಿ ಆಸ್ಬರ್ನ್ ಅದಾದ ಹದಿನೇಳು ದಿನಗಳಿಗೇ ತೀರಿಕೊಂಡರು.

ಮೊದಲಿನವರು ಕೊನೆಯಲ್ಲಿ ಒಂದುಗೂಡಿದ ಕಥೆ ಅದು. ನಮ್ಮ ಬಸ್ಸಿನ ಹುಡುಗನ ಅಂಗಿಯ ಮೇಲಿರುವ ತಂಡದ ಕಥೆ ಬೇರೊಂದು ಬಗೆಯದು.

ಕ್ರಿಸ್‌ಮಸ್ ದಿನ ಕಟ್ಟಿದ ತಂಡ

ಲಂಡನ್ ನಗರದ ಪೂರ್ವ ಭಾಗದ ದುಡಿಯುವ ಜನರ ಬಡಾವಣೆಯಲ್ಲಿ ಬೆಳೆದ ಸ್ಟೀವ್ ಹ್ಯಾರಿಸ್ ಎಂಬ ಹತ್ತೊಂಬತ್ತರ ಯುವಕನು 1975ರ ಡಿಸೆಂಬರ್ 25ರಂದು ಈ ತಂಡವನ್ನು ಕಟ್ಟಿದನು. ನುಡಿಸುತ್ತಿದ್ದುದು ಬೇಸ್ ಗಿಟಾರ್. ಅದಕ್ಕೆ ಮೊದಲು ಇದ್ದ ತಂಡದಲ್ಲಿ ಅವನ ಹಾಡುಗಳು ವಿಪರೀತ ಜಟಿಲವೆಂದು ಉಳಿದವರು ಒಪ್ಪಲಿಲ್ಲ. ಹಾಗಾದರೆ ನನ್ನದೇ ತಂಡವಿರಲಿ ಎಂದು ಹೊರಬಂದನು. ಎಂದರೆ ಈ ತಂಡದ ಮೊದಲ ಹೆಜ್ಜೆಯೇ ಇನ್ನೊಂದು ತಂಡವನ್ನು ಬಿಟ್ಟು ಬಂದದ್ದು.

ಆರಂಭದ ನಾಲ್ಕು ವರ್ಷಗಳ ಬರುಹೋಗುವಿಕೆಯನ್ನು ಪೂರ್ತಿ ಬರೆದರೆ ನಿಮಗೆ ಬೇಸರವಾದೀತು. ಮೊದಲ ಹಾಡುಗಾರ ಪಾಲ್ ಡೇ ವೇದಿಕೆಯ ಮೇಲೆ ಮಂಕಾಗಿ ನಿಲ್ಲುತ್ತಾನೆಂದು ಅವನನ್ನು ಕೈಬಿಟ್ಟರು. ಅವನ ಜಾಗಕ್ಕೆ ಬಂದ ಡೆನಿಸ್ ವಿಲ್ಕಾಕ್ ತನ್ನ ಪರಿಚಯದ ಡೇವ್ ಮರ್ರೆ ಎಂಬ ಗಿಟಾರ್ ವಾದಕನನ್ನು ಕರೆತಂದನು. ಅವನು ಬಂದುದರಿಂದ ಮೊದಲಿದ್ದ ಇಬ್ಬರು ಗಿಟಾರ್ ವಾದಕರೂ ಹೊರಟುಹೋದರು. ಸ್ವಲ್ಪ ಕಾಲಕ್ಕೆ ವಿಲ್ಕಾಕನಿಗೂ ಮರ್ರೆಗೂ ಜಗಳವಾಯಿತು. 1977ರಲ್ಲಿ ಹೊರಗೆ ಹೋಗಬೇಕಾದದ್ದು ಮರ್ರೆ! ಅವನು ತನ್ನ ಬಾಲ್ಯದ ಗೆಳೆಯ ಏಡ್ರಿಯನ್ ಸ್ಮಿತ್‌ನ ತಂಡವನ್ನು ಸೇರಿದನು. ಆದರೆ ವಿಲ್ಕಾಕ್ ಬಹುಕಾಲ ನಿಲ್ಲಲಿಲ್ಲ. 1978ರಲ್ಲಿ ಹ್ಯಾರಿಸ್ ಮರ್ರೆಯನ್ನು ಮರಳಿ ಕರೆದನು. ಅಂದು ಮರಳಿ ಬಂದವನು ಮತ್ತೆ ಬಿಡಲಿಲ್ಲ. ಈ ತಂಡದ ಎಲ್ಲ ಧ್ವನಿಮುದ್ರಿಕೆಗಳಲ್ಲಿಯೂ ನುಡಿಸಿದವರು ಇಬ್ಬರೇ: ಕಟ್ಟಿದ ಹ್ಯಾರಿಸ್, ಮತ್ತು ಒಮ್ಮೆ ಹೊರಹಾಕಲ್ಪಟ್ಟ ಮರ್ರೆ. ಅಂದು ಮುನಿಸನ್ನು ಹಿಡಿದುಕೊಂಡು ಒಬ್ಬರು ಕರೆಯದೆ, ಇನ್ನೊಬ್ಬರು ಬಾರದೆ ಇದ್ದಿದ್ದರೆ?

1978ರಲ್ಲಿ ಪಾಲ್ ಡಿಯಾನೊ ಎಂಬ ಗಡಸು ಕಂಠದ ಯುವಕ ಹಾಡುಗಾರನಾಗಿ ಬಂದನು. ಆ ವರ್ಷದ ಕಡೆಯಲ್ಲಿ ತಾವೇ ಹಣ ಹೊಂದಿಸಿ ಮುದ್ರಿಸಿಕೊಂಡ ಹಾಡುಗಳು ಮರುವರ್ಷ ಕೇವಲ 5000 ಪ್ರತಿಗಳ ಪುಟ್ಟ ಮುದ್ರಿಕೆಯಾಗಿ ಹೊರಬಂದವು. 1979ರ ಡಿಸೆಂಬರಿನಲ್ಲಿ ದೊಡ್ಡ ಕಂಪನಿಯೊಂದರ ಒಪ್ಪಂದ ದೊರೆಯಿತು. ಆ ಹೊತ್ತಿಗೆ ಗಿಟಾರಿಗೆ ಡೆನಿಸ್ ಸ್ಟ್ರಾಟನ್, ಡ್ರಮ್ಸ್‌ಗೆ ಕ್ಲೈವ್ ಬರ್ ಬಂದಿದ್ದರು. 1980ರ ಏಪ್ರಿಲಿನಲ್ಲಿ ಬಂದ ಮೊದಲ ಮುದ್ರಿಕೆ ಇಂಗ್ಲೆಂಡಿನ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಅದರ ಹೊದಿಕೆಯ ಮೇಲೆ ಡೆರೆಕ್ ರಿಗ್ಸ್ ಎಂಬ ಕಲಾವಿದ ಬರೆದ ಮುಖವೇ ನೀವು ಬಸ್ಸಿನಲ್ಲಿ ಕಂಡ ಮುಖ. ಅದರ ಹೆಸರು ಎಡ್ಡಿ. ಹಾಡುವವರು, ನುಡಿಸುವವರು ಎಷ್ಟು ಮಂದಿ ಬದಲಾದರೂ ಹೊದಿಕೆಯ ಮೇಲೆ ಅವನು ಮಾತ್ರ ಉಳಿದನು. ಅದೇ ವರ್ಷ ಸ್ಟ್ರಾಟನ್ ಹೊರಟು, ಮೊದಲು ಒಮ್ಮೆ ಕರೆದಾಗ ಒಲ್ಲೆನೆಂದಿದ್ದ ಏಡ್ರಿಯನ್ ಸ್ಮಿತ್ ಎರಡನೆಯ ಕರೆಗೆ ಒಪ್ಪಿ ಬಂದನು.

ಮೃಗದ ಸಂಖ್ಯೆ

ಕೀರ್ತಿಯ ಜೊತೆಗೆ ಕೇಡೂ ಬಂದಿತು. ಡಿಯಾನೊ ಮಾದಕ ವಸ್ತುಗಳಿಗೆ ಬಲಿಯಾಗಿ ಪ್ರವಾಸಗಳಲ್ಲಿ ಹಾಡಲಾಗದ ಸ್ಥಿತಿಗೆ ಬಂದನು. 1981ರಲ್ಲಿ ಅವನನ್ನು ಬಿಡಿಸಿದರು. ಆಗ ಅವನಿಗೆ ಇಪ್ಪತ್ಮೂರು ವರ್ಷ. ಬೇರೊಂದು ತಂಡದಲ್ಲಿ ಹಾಡುತ್ತಿದ್ದ ಬ್ರೂಸ್ ಡಿಕಿನ್ಸನ್ ಅವನ ಜಾಗಕ್ಕೆ ಬಂದನು. ಹೊಸ ಹಾಡುಗಾರನೊಂದಿಗೆ 1982ರಲ್ಲಿ ಹೊರಬಂದ ಮುದ್ರಿಕೆಯ ಹೆಸರು ‘ಮೃಗದ ಸಂಖ್ಯೆ’. ಪ್ರಕಟನೆ ಗ್ರಂಥದ ಹದಿಮೂರನೆಯ ಅಧ್ಯಾಯವನ್ನು ಓದಿದ ನಿಮಗೆ ಆ ಸಂಖ್ಯೆ ಯಾವುದೆಂದು ಹೇಳಬೇಕಾಗಿಲ್ಲ. ಆ ಹೆಸರಿನ ಹಾಡು ಆ ಗ್ರಂಥದ ವಾಕ್ಯಗಳ ವಾಚನದಿಂದಲೇ ಆರಂಭವಾಗುತ್ತದೆ.

ಅಮೆರಿಕದಲ್ಲಿ ಕೆಲವು ಕ್ರೈಸ್ತ ಗುಂಪುಗಳು ಇವರು ಸೈತಾನನ ಆರಾಧಕರೆಂದು ಸಾರಿ ಮುದ್ರಿಕೆಗಳನ್ನು ರಾಶಿ ಹಾಕಿ ಸುಟ್ಟವು. ಹಾಡನ್ನು ಬರೆದ ಹ್ಯಾರಿಸ್ ಅದನ್ನು ಅಲ್ಲಗಳೆಯುತ್ತಲೇ ಬಂದಿದ್ದಾರೆ. ಭಯದ ಚಲನಚಿತ್ರವೊಂದನ್ನು ನೋಡಿ ಮಲಗಿದಾಗ ಬಿದ್ದ ಕೆಟ್ಟ ಕನಸಿನಿಂದ ಹುಟ್ಟಿದ ಹಾಡು ಅದು ಎಂಬುದು ಅವರ ವಿವರಣೆ. ಕೆಡುಕಿನ ಚಿತ್ರವನ್ನು ಬರೆಯುವುದು ಬೇರೆ, ಅದಕ್ಕೆ ಕೈಮುಗಿಯುವುದು ಬೇರೆ ಎಂಬುದನ್ನು ನೀವು ಬಲ್ಲಿರಿ. ಆದರೂ ಮಾರಾಟಕ್ಕಾಗಿ ಇಂಥ ಚಿತ್ರಗಳನ್ನು ಹಿಡಿದವರು ಸಂಶಯವನ್ನು ತಾವೇ ಮೈಮೇಲೆ ಎಳೆದುಕೊಂಡರೆಂದರೆ ತಪ್ಪಾಗದು. ಮುಂದಿನ ಒಂದು ಸಂಗತಿಯನ್ನು ಮಾತ್ರ ಆ ಮುದ್ರಿಕೆಗಳನ್ನು ಸುಟ್ಟವರು ಊಹಿಸಿರಲಾರರು. ಅದೇ ವರ್ಷದ ಕೊನೆಯಲ್ಲಿ ಕ್ಲೈವ್ ಬರ್‌ನ ಬದಲಿಗೆ ತಂಡವನ್ನು ಸೇರಿದ ನಿಕೊ ಮೆಕ್‌ಬ್ರೇನ್ ಎಂಬ ಡ್ರಮ್ಸ್ ವಾದಕರು 1999ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ರೈಸ್ತ ವಿಶ್ವಾಸವನ್ನು ಮನಸಾರೆ ಅಪ್ಪಿಕೊಂಡರು. ಅದನ್ನು ಅವರು ಬಚ್ಚಿಡಲೂ ಇಲ್ಲ, ತಂಡವನ್ನು ಬಿಡಲೂ ಇಲ್ಲ. ಮತ್ತೆ ಇಪ್ಪತ್ತೈದು ವರ್ಷ ಅದೇ ಪೀಠದಲ್ಲಿ ಕುಳಿತು ನುಡಿಸಿದರು.

ಬರ್ ಹೊರಹೋದ ಬಗೆ ಮನಸ್ಸಿಗೆ ನೋವು ತರುವಂಥದು. 1982ರ ಪ್ರವಾಸದ ನಡುವೆ ಅವರ ತಂದೆ ತೀರಿಕೊಂಡರು. ಅವರು ಊರಿಗೆ ಹೋದಾಗ ಮೆಕ್‌ಬ್ರೇನ್ ತಾತ್ಕಾಲಿಕವಾಗಿ ನುಡಿಸಿದರು. ತಾನು ಹಿಂದಿರುಗಿದಾಗ ತನಗೆ ಜಾಗವಿರಲಿಲ್ಲವೆಂದು ಬರ್ ಮುಂದೆ ಹೇಳಿದರು. ತಂಡದವರು ಅವರ ಜೀವನ ಶೈಲಿಯನ್ನು ಕಾರಣವಾಗಿ ಕೊಟ್ಟರು. ಯಾವುದು ಎಷ್ಟು ನಿಜವೆಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಒಂದು ಕೂಟದಿಂದ ಹೊರಬಂದವನ ನೆನಪೂ ಒಳಗುಳಿದವರ ನೆನಪೂ ಒಂದೇ ಆಗಿರುವುದಿಲ್ಲ ಎಂಬುದಂತೂ ನಮ್ಮೆಲ್ಲರ ಅನುಭವ.

ಖಾಲಿಯಾದ ಜಾಗಗಳು

ಮುಂದಿನ ಕೆಲವು ವರ್ಷಗಳು ಏರುಗಾಲ. 1984ರಿಂದ 1985ರವರೆಗಿನ ಒಂದೇ ಪ್ರವಾಸದಲ್ಲಿ ಇವರು 187 ಕಛೇರಿ ನಡೆಸಿದರು. ಅಷ್ಟು ದುಡಿಸಿದ ಬಂಡಿ ಸವೆಯದೆ ಇದ್ದೀತೆ? 1990ರಲ್ಲಿ ಏಡ್ರಿಯನ್ ಸ್ಮಿತ್ ಹೊರಟರು. ಮುಂದಿನ ಸಂಗೀತ ಹೇಗಿರಬೇಕೆಂಬುದರಲ್ಲಿ ಅವರಿಗೂ ಉಳಿದವರಿಗೂ ಮನಸ್ಸು ಕೂಡಲಿಲ್ಲ. ಆ ಜಾಗಕ್ಕೆ ಯಾನಿಕ್ ಗರ್ಸ್ ಬಂದರು. 1993ರಲ್ಲಿ ಡಿಕಿನ್ಸನ್ನರೂ ತಾವೊಬ್ಬರೇ ಹಾಡುತ್ತೇವೆಂದು ಬಿಟ್ಟುಹೋದರು.

ಜನಪ್ರಿಯ ಹಾಡುಗಾರನ ಜಾಗದಲ್ಲಿ ನಿಲ್ಲುವುದು ಎಂಥ ಕಷ್ಟವೆಂಬುದನ್ನು ಬ್ಲೇಜ್ ಬೇಯ್ಲಿಯವರನ್ನು ಕೇಳಬೇಕು. 1994ರಲ್ಲಿ ಬಂದ ಅವರ ಕಂಠ ತಗ್ಗಿನದು. ಹಳೆಯ ಹಾಡುಗಳೆಲ್ಲ ಡಿಕಿನ್ಸನ್ನರ ಎತ್ತರದ ಕಂಠಕ್ಕೆ ಹೊಲಿದ ಅಂಗಿಗಳು. ಪ್ರತಿ ರಾತ್ರಿ ಅವನ್ನು ತೊಟ್ಟು ನಿಂತವರನ್ನು ಜನ ಹಳಬರೊಂದಿಗೆ ತೂಗಿ ನೋಡಿದರು. ಗಂಟಲು ಕೆಟ್ಟು ಕೆಲವು ಕಛೇರಿಗಳು ರದ್ದಾದವು. ಮುದ್ರಿಕೆಗಳ ಮಾರಾಟ ಇಳಿಯಿತು. ಅಮೆರಿಕದಲ್ಲಿ ದೊಡ್ಡ ಮೈದಾನಗಳ ಬದಲು ಸಣ್ಣ ಸಭಾಂಗಣಗಳಲ್ಲಿ ನುಡಿಸಬೇಕಾಯಿತು. ಎರಡು ಮುದ್ರಿಕೆಗಳ ಬಳಿಕ 1999ರ ಆರಂಭದಲ್ಲಿ ಅವರನ್ನು ಬಿಡಿಸಲಾಯಿತು. ನಮ್ಮಲ್ಲಿಯೂ ಹಳೆಯ ಗಾಯನ ನಿರ್ದೇಶಕರು ವರ್ಗವಾಗಿ ಹೋದಮೇಲೆ ಆ ಹಾರ್ಮೋನಿಯಂ ಮುಂದೆ ಕುಳಿತ ಹೊಸಬರ ಕಿವಿಗೆ, “ಅವರಿದ್ದಾಗ ಹೀಗಿರಲಿಲ್ಲ” ಎಂಬ ಮಾತು ಎಷ್ಟು ಸಲ ಬಿದ್ದಿರಬಹುದು, ನೀವೇ ಹೇಳಿ.

ಬೇಯ್ಲಿಯವರ ಕಾಲದಲ್ಲಿ ಹುಟ್ಟಿದ ಹಾಡುಗಳಲ್ಲಿ ಕೆಲವನ್ನು ತಂಡ ಕೈಬಿಡಲಿಲ್ಲ. ಅವರ ಹಿಂದೆಯೇ ಮರಳಿ ಬಂದ ಡಿಕಿನ್ಸನ್ನರೇ ಅವನ್ನು ದೊಡ್ಡ ವೇದಿಕೆಗಳಲ್ಲಿ ಹಾಡಿದರು, ಜನ ದನಿಗೂಡಿಸಿದರು. ಹೋದವನು ತಂದಿಟ್ಟದ್ದು ಮನೆಯಲ್ಲೇ ಉಳಿಯಿತು.

ಮರಳಿ ಬಂದವರಿಗೆ ಪೀಠ

ಈಗ ನಾನು ಈ ಲೇಖನ ಬರೆಯಲು ಕಾರಣವಾದ ಸಂಗತಿಗೆ ಬರುತ್ತೇನೆ.

1999ರಲ್ಲಿ ಡಿಕಿನ್ಸನ್ ಮರಳಿ ಬಂದರು. ಅವರೊಂದಿಗೆ ಒಂಬತ್ತು ವರ್ಷಗಳ ಹಿಂದೆ ಬಿಟ್ಟಿದ್ದ ಏಡ್ರಿಯನ್ ಸ್ಮಿತ್ ಕೂಡ ಬಂದರು. ಆದರೆ ಸ್ಮಿತ್‌ರ ಜಾಗ ಖಾಲಿಯಿರಲಿಲ್ಲ. ಅಲ್ಲಿ ಯಾನಿಕ್ ಗರ್ಸ್ ಇದ್ದರು. ಕಷ್ಟದ ಕಾಲದಲ್ಲಿ ಬಂದು, ಬೀಳುಗಾಲದಲ್ಲಿಯೂ ಬಿಡದೆ ನುಡಿಸಿದವರು. ಇಂಥ ತಂಡಗಳಲ್ಲಿ ಗಿಟಾರ್ ವಾದಕರು ಒಬ್ಬರು, ಹೆಚ್ಚೆಂದರೆ ಇಬ್ಬರು. ಲೋಕದ ಲೆಕ್ಕದಂತೆ ಹಳಬರು ಬಂದರೆ ಹೊಸಬರು ಎದ್ದು ಹೋಗಬೇಕು. ಇಲ್ಲವೇ ಹೊಸಬರು ಇರುವುದರಿಂದ ಹಳಬರಿಗೆ ಬಾಗಿಲು ಮುಚ್ಚಬೇಕು. ಇವರು ಎರಡನ್ನೂ ಮಾಡಲಿಲ್ಲ. ಮರ್ರೆ, ಗರ್ಸ್, ಸ್ಮಿತ್ ಮೂವರೂ ನುಡಿಸಲಿ ಎಂದು ತೀರ್ಮಾನಿಸಿದರು. ಐವರ ತಂಡ ಆರು ಜನರ ತಂಡವಾಯಿತು. ಹಳೆಯ ಹಾಡುಗಳನ್ನು ಮೂರು ಗಿಟಾರುಗಳಿಗೆ ಹೊಂದುವಂತೆ ಹಂಚಿಕೊಂಡರು. 2000ದಲ್ಲಿ ಹೊರಬಂದ ಮುದ್ರಿಕೆಯಿಂದ ಆರಂಭಿಸಿ 2021ರವರೆಗೆ ಆರು ಮುದ್ರಿಕೆಗಳನ್ನು ಅದೇ ಆರು ಮಂದಿ ಮಾಡಿದರು. ಮೊದಲ ಇಪ್ಪತ್ತನಾಲ್ಕು ವರ್ಷಗಳಲ್ಲಿ ನೆಲೆಯಿಲ್ಲದೆ ಬದಲಾಗುತ್ತಿದ್ದ ತಂಡವು ಮುಂದಿನ ಇಪ್ಪತ್ತೈದು ವರ್ಷ ಒಬ್ಬರನ್ನೂ ಕಳೆದುಕೊಳ್ಳದೆ ನಡೆಯಿತು.

ಮೂರನೆಯ ಗಿಟಾರ್ ಬೇಕಿತ್ತೇ? ಸಂಗೀತದ ಲೆಕ್ಕದಲ್ಲಿ ಬಹುಶಃ ಬೇಕಿರಲಿಲ್ಲ. ಇಬ್ಬರು ನುಡಿಸುವುದನ್ನು ಮೂವರು ನುಡಿಸುತ್ತಿದ್ದಾರೆಂದು ಟೀಕಿಸುವವರು ಇಂದಿಗೂ ಇದ್ದಾರೆ. ಆದರೆ ಆ ಒಂದು ಪೀಠವನ್ನು ಹೆಚ್ಚಿಗೆ ಹಾಕಿದ್ದರಿಂದ ಮರಳಿ ಬಂದವರೂ ಉಳಿದರು, ನಡುವೆ ಬಂದವರೂ ಉಳಿದರು.

ಹೊರಗೆ ಹೋದವರನ್ನು ಕಾಲ ಕಳೆದಂತೆ ನೆನೆಯುವುದನ್ನೂ ಇವರು ಕಲಿತಂತೆ ಕಾಣುತ್ತದೆ. ಕ್ಲೈವ್ ಬರ್ ಅವರಿಗೆ ನರಮಂಡಲವನ್ನು ಕ್ರಮೇಣ ಕುಂದಿಸುವ ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ಕಾಯಿಲೆ ಬಂದಿತು. ಕೋಲು ಹಿಡಿದು ಡ್ರಮ್ಸ್ ಬಾರಿಸಿದ ಕೈಗಳು ಸೋತವು, ಗಾಲಿ ಕುರ್ಚಿಯ ಆಸರೆ ಬೇಕಾಯಿತು. ಆಗ, 2002ರ ಮಾರ್ಚ್ ತಿಂಗಳಲ್ಲಿ, ಇಪ್ಪತ್ತು ವರ್ಷಗಳ ಹಿಂದೆ ಅವರನ್ನು ಬಿಡಿಸಿದ ಅದೇ ತಂಡ ಲಂಡನ್ನಿನಲ್ಲಿ ಮೂರು ರಾತ್ರಿ ನುಡಿಸಿ ಅವರ ನೆರವಿನ ನಿಧಿಗೆ ಹಣ ಕೂಡಿಸಿತು. ಅವರ ಪೀಠದಲ್ಲಿ ಕುಳಿತಿದ್ದ ಮೆಕ್‌ಬ್ರೇನ್ ಅವರೇ ಅಲ್ಲಿ ಅವರಿಗಾಗಿ ನುಡಿಸಿದರು. ಬರ್ 2013ರ ಮಾರ್ಚ್ 12ರಂದು ತೀರಿಕೊಂಡರು.

ಪಾಲ್ ಡಿಯಾನೊ ಅವರ ಬದುಕು ಹೆಚ್ಚು ಹದಗೆಟ್ಟಿತು. ಕಾಲುಗಳ ತೊಂದರೆಯಿಂದ ಅವರೂ ಗಾಲಿ ಕುರ್ಚಿ ಹಿಡಿದು, ಚಿಕಿತ್ಸೆಗಾಗಿ ಕ್ರೊಯೇಷಿಯಾ ದೇಶದಲ್ಲಿದ್ದಾಗ, 2022ರಲ್ಲಿ ಅಲ್ಲಿಗೆ ಕಛೇರಿಗೆ ಹೋದ ಹ್ಯಾರಿಸ್ ಅವರನ್ನು ಕಂಡು ಮಾತನಾಡಿಸಿದರು. 2024ರ ಅಕ್ಟೋಬರ್ 21ರಂದು, 66ರ ವಯಸ್ಸಿನಲ್ಲಿ, ಡಿಯಾನೊ ತೀರಿಕೊಂಡರು. ಅದೇ ವರ್ಷ ಡಿಸೆಂಬರ್ 7ರಂದು ಬ್ರೆಜಿಲಿನಲ್ಲಿ ನಿಕೊ ಮೆಕ್‌ಬ್ರೇನ್ ಪ್ರವಾಸದ ವಾದನಕ್ಕೆ ವಿದಾಯ ಹೇಳಿದರು. 2023ರ ಜನವರಿಯಲ್ಲಿ ಪಾರ್ಶ್ವವಾಯು ತಗುಲಿ ಬಲಗೈ ಸೋತಿದ್ದರೂ ಛಲದಿಂದ ಅಭ್ಯಾಸ ಮಾಡಿ ಎರಡು ವರ್ಷ ಎಳೆದಿದ್ದರು. ಅವರ ಜಾಗದಲ್ಲಿ 2025ರ ಪ್ರವಾಸಕ್ಕೆ ಸೈಮನ್ ಡಾಸನ್ ಬಂದರು. ಈ ಸಲ ಯಾರನ್ನೂ ಹೊರಗೆ ಹಾಕಬೇಕಾಗಲಿಲ್ಲ. ಹೋಗುವವರು ತಾವಾಗಿ ಎದ್ದರು, ಉಳಿದವರು ಎದ್ದುನಿಂತು ಕಳುಹಿಸಿದರು.

ಇವರನ್ನು ಸಂತರ ಸಾಲಿಗೆ ಸೇರಿಸಲು ನಾನು ಹೊರಟಿಲ್ಲ. ವ್ಯಾಪಾರದ ಲೆಕ್ಕವೂ ಇಲ್ಲಿತ್ತು. ಹಳೆಯ ಹಾಡುಗಾರ ಮರಳಿದರೆ ಜನ ಮರಳುವರೆಂಬುದು ಎಲ್ಲರಿಗೂ ತಿಳಿದಿತ್ತು. ಆದರೆ ಲಾಭಕ್ಕಾಗಿ ಮರಳಿದವರಲ್ಲಿ ಎಷ್ಟೋ ತಂಡಗಳು ವರ್ಷದೊಳಗೇ ಮತ್ತೆ ಒಡೆದಿವೆ. ಇದು ಒಡೆಯಲಿಲ್ಲ.

ಬೆಂಗಳೂರು, ಬಳ್ಳಿಗಾವೆ, ಹೆಗ್ಗೋಡು

ಇದೆಲ್ಲ ದೂರದ ದೇಶದ ಮಾತೆಂದು ನೀವು ಭಾವಿಸಬೇಡಿ. ಮೂರು ಗಿಟಾರುಗಳ ಆ ತಂಡ ಭಾರತದಲ್ಲಿ ಮೊಟ್ಟಮೊದಲು ನುಡಿಸಿದ್ದು ನಮ್ಮ ಬೆಂಗಳೂರಿನಲ್ಲಿ, 2007ರ ಮಾರ್ಚ್ 17ರಂದು, ಅರಮನೆ ಮೈದಾನದಲ್ಲಿ. 2009ರಲ್ಲಿ ಮತ್ತೊಮ್ಮೆ ಬಂದರು. ಅದಕ್ಕೂ ಮೊದಲೇ ಆ ನಗರದ ಯುವಕರು ತಮ್ಮವೇ ತಂಡಗಳನ್ನು ಕಟ್ಟಿದ್ದರು. 1998ರಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಆರಂಭಿಸಿದ ‘ಕ್ರಿಪ್ಟೋಸ್’ ಅವುಗಳಲ್ಲಿ ಒಂದು. 2004ರಲ್ಲಿ ಮೊದಲ ಮುದ್ರಿಕೆ ತಂದ ಈ ತಂಡ 2013ರಲ್ಲಿ ಜರ್ಮನಿಯ ವಾಕನ್ ಎಂಬ ಹಳ್ಳಿಯಲ್ಲಿ ನಡೆಯುವ ಹೆಸರಾಂತ ಉತ್ಸವದಲ್ಲಿ ನುಡಿಸಿತು. 2024ರಲ್ಲಿ ಏಳನೆಯ ಮುದ್ರಿಕೆಯನ್ನು ಹೊರತಂದಿತು. ಅಲ್ಲಿಯೂ ಡ್ರಮ್ಸ್ ಪೀಠದಲ್ಲಿ ಕುಳಿತವರು ಬದಲಾಗುತ್ತಲೇ ಬಂದರು. ನೋಲನ್ ಮಾತ್ರ ಮೊದಲಿನಿಂದಲೂ ನಿಂತಿದ್ದಾರೆ. ನಮ್ಮ ನಾಡಿನಲ್ಲಿ ಈ ಸಂಗೀತವನ್ನೇ ನಂಬಿ ಸಂಸಾರ ನಡೆಸುವುದು ಕಷ್ಟ. ನೌಕರಿ, ಮದುವೆ, ವಿದೇಶ ಎಂದು ಜನ ಹೊರಡುತ್ತಾರೆ. ತಂಡವನ್ನು ಉಳಿಸಬೇಕಾದವರು ಪ್ರತಿ ಸಲವೂ ಹೊಸಬರಿಗೆ ಹಳೆಯ ಹಾಡುಗಳನ್ನು ಮೊದಲಿನಿಂದ ಕಲಿಸಬೇಕಾಗುತ್ತದೆ.

ಇನ್ನೂ ಹತ್ತಿರಕ್ಕೆ ಬರೋಣ. ಶಿಕಾರಿಪುರ ತಾಲೂಕಿನ ಬಳ್ಳಿಗಾವೆ ನಿಮಗೆ ಗೊತ್ತಿರುವ ಊರು. ಅಲ್ಲಿಯ ದೇಗುಲದಲ್ಲಿ ಮದ್ದಳೆ ಬಾರಿಸುತ್ತಿದ್ದ ಅಲ್ಲಮನು ಮದ್ದಳೆಯನ್ನು ಬಿಟ್ಟು ಬೇರೊಂದು ದಾರಿ ಹಿಡಿದ ಕಥೆಯನ್ನು ನಮ್ಮ ಕಾವ್ಯಗಳು ಹೇಳುತ್ತವೆ. ಅವನೆದ್ದ ಜಾಗದಲ್ಲಿ ಯಾರು ಕುಳಿತರೆಂದು ಯಾರೂ ಬರೆದಿಡಲಿಲ್ಲ. ಅದೇ ಊರಿನ ಕೇದಾರೇಶ್ವರ ದೇಗುಲಕ್ಕೆ ಸೇರಿದ ಕೋಡಿಯ ಮಠದ ಚರಿತ್ರೆಯಾದರೋ ಶಾಸನಗಳಲ್ಲಿ ಉಳಿದಿದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿಯ ಆಚಾರ್ಯರು ಒಬ್ಬರಾದ ಮೇಲೆ ಒಬ್ಬರಂತೆ ಬಂದರು. ಅವರಲ್ಲಿ ವಿದ್ಯಾಭರಣ ಎಂಬವರು ಮಠದ ಆಡಳಿತದಿಂದ ತಮ್ಮ ವ್ಯಾಸಂಗಕ್ಕೆ ಅಡ್ಡಿಯಾದೀತೆಂದು ಆ ಪೀಠವನ್ನು ಶಿಷ್ಯರಾದ ಗೌತಮರಿಗೆ ವಹಿಸಿದರೆಂದು ಶಾಸನ ಹೇಳುತ್ತದೆ. ತನಗೆ ಸಲ್ಲದ ಪೀಠವನ್ನು ಸಲ್ಲುವವರಿಗೆ ಬಿಟ್ಟುಕೊಟ್ಟು, ಊರನ್ನು ಬಿಡದೆ ಓದಿಗೆ ಕುಳಿತ ಈ ವ್ಯಕ್ತಿಯನ್ನು ಎಷ್ಟು ಮೆಚ್ಚಿದರೂ ಕಡಿಮೆ. 1162ರ ಶಾಸನವಂತೂ ಆ ಮಠದಲ್ಲಿ ಬಡವರು, ಕುರುಡರು, ಕುಂಟರೊಂದಿಗೆ ಹಾಡುವವರಿಗೂ ವಾದ್ಯ ನುಡಿಸುವವರಿಗೂ ಅನ್ನ ದೊರೆಯುತ್ತಿತ್ತೆಂದು ತಿಳಿಸುತ್ತದೆ. ಕುಳಿತವರು ಬದಲಾದರೂ ಎಲೆ ಹಾಕುವುದು ನಿಲ್ಲಲಿಲ್ಲ.

ಸೊರಬದ ನೆರೆಯ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ಸಂಸ್ಥೆ 1985ರಲ್ಲಿ ಆರಂಭಿಸಿದ ‘ತಿರುಗಾಟ’ವೆಂಬ ನಾಟಕ ಮೇಳದ ಕ್ರಮವೇ ಬೇರೆ. ಅಲ್ಲಿ ಬದಲಾವಣೆ ಅಪಘಾತವಲ್ಲ, ಪದ್ಧತಿ. ವರ್ಷವರ್ಷವೂ ತಂಡ ಹೊಸದಾಗಿ ಕೂಡುತ್ತದೆ, ನಾಟಕಗಳನ್ನು ಕಲಿತು ನಾಡು ಸುತ್ತುತ್ತದೆ, ಬಳಿಕ ಚದುರುತ್ತದೆ. ಹೋದವರು ತಮ್ಮ ಊರುಗಳಲ್ಲಿ ಬೇರೆ ತಂಡಗಳನ್ನು ಕಟ್ಟುತ್ತಾರೆ. ಬಿಟ್ಟುಹೋಗುವುದು ದ್ರೋಹವೆಂದು ಅಲ್ಲಿ ಯಾರೂ ಎಣಿಸುವುದಿಲ್ಲ.

ನಮ್ಮ ಬೆಂಚಿನ ಮೇಲೆ

ಓದುಗರೇ, ನಮ್ಮ ಧರ್ಮಕೇಂದ್ರದ ಗಾಯನ ವೃಂದವನ್ನು ಒಮ್ಮೆ ನೆನೆಯಿರಿ. ಶಿಕಾರಿಪುರವಾಗಲಿ, ಸೊರಬವಾಗಲಿ, ದ್ವಿತೀಯ ಪಿಯುಸಿ ಮುಗಿದೊಡನೆ ಮಕ್ಕಳು ಶಿವಮೊಗ್ಗಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಹೊರಡುತ್ತಾರೆ. ತಬಲ ನುಡಿಸುತ್ತಿದ್ದವನು ಹೋಗುತ್ತಾನೆ, ಮೊದಲ ದನಿ ಎತ್ತುತ್ತಿದ್ದವಳು ಮದುವೆಯಾಗಿ ಹೋಗುತ್ತಾಳೆ. ಎರಡು ಭಾನುವಾರ ಹಾಡು ತಡವರಿಸುತ್ತದೆ. ಮೂರನೆಯ ಭಾನುವಾರ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅಳುಕುತ್ತ ತಬಲದ ಮುಂದೆ ಕುಳಿತುಕೊಳ್ಳುತ್ತಾಳೆ. ತಾಳ ತಪ್ಪಿದಾಗ ಹಿಂದಿನ ಬೆಂಚಿನಿಂದ ಯಾರೋ ಹೊರಳಿ ನೋಡುತ್ತಾರೆ. ಅವಳು ಬೇಯ್ಲಿಯವರಂತೆ ಕಣ್ಣು ತಗ್ಗಿಸಿ ಮುಂದುವರಿಸುತ್ತಾಳೆ. ವರ್ಷ ಕಳೆಯುವಷ್ಟರಲ್ಲಿ ಅವಳ ಕೈ ಕುದುರುತ್ತದೆ.

ಆಮೇಲೆ ಡಿಸೆಂಬರ್ ಬರುತ್ತದೆ. ಬೆಂಗಳೂರಿಗೆ ಹೋಗಿದ್ದವನು ರಜೆ ಹಾಕಿ ಊರಿಗೆ ಬಂದು, ಕ್ಯಾರಲ್ ಹಾಡುಗಳ ಅಭ್ಯಾಸದ ಸಂಜೆ ಬಾಗಿಲ ಬಳಿ ನಿಲ್ಲುತ್ತಾನೆ. ಒಳಗೆ ಬರಲು ಅವನಿಗೆ ಸಂಕೋಚ, ಎದ್ದು ಹೋಗಬೇಕೇನೋ ಎಂದು ಅವಳಿಗೆ ಆತಂಕ. ಹಿರಿಯರಾದ ನಾವು ಆ ಗಳಿಗೆಯಲ್ಲಿ ಏನು ಮಾಡುತ್ತೇವೆ? “ಹಳಬ ಬಂದ, ನೀನು ಏಳಮ್ಮ” ಎಂದರೆ ಒಬ್ಬಳನ್ನು ಕಳೆದುಕೊಳ್ಳುತ್ತೇವೆ. “ನೀನು ಬಿಟ್ಟುಹೋದವನಲ್ಲವೇ” ಎಂದರೆ ಇನ್ನೊಬ್ಬನನ್ನು ಕಳೆದುಕೊಳ್ಳುತ್ತೇವೆ. ಅಂಥ ಒಂದು ಮಾತಿಗಾಗಿ ಮತ್ತೆಂದೂ ಗಾಯನದ ಬೆಂಚಿನತ್ತ ಸುಳಿಯದ ಕೊರಳುಗಳು ನಮ್ಮ ನಡುವೆ ಇಲ್ಲವೇ?

ಈ ವರ್ಷ ಆ ಸಂಜೆ ಬಂದಾಗ ಒಳಗಿನ ಕೋಣೆಯಿಂದ ಇನ್ನೊಂದು ಕುರ್ಚಿಯನ್ನು ತಂದಿಡೋಣ. ಅವಳು ತಬಲದಲ್ಲೇ ಇರಲಿ, ಅವನ ಕೈಗೆ ಡೋಲಕ್ ಕೊಡೋಣ. ಯಾವ ಹಾಡಿಗೆ ಯಾರೆಂದು ಅವರೇ ಹಂಚಿಕೊಳ್ಳಲಿ. ಅವನು ಕಪ್ಪು ಅಂಗಿಯಲ್ಲೇ ಬಂದಿದ್ದರೂ, ಅಭ್ಯಾಸ ಮುಗಿಯುವವರೆಗೆ ಆ ಮಾತು ಎತ್ತುವುದು ಬೇಡ.